ಬರಿದೇ ಮುಚ್ಚಿದ ಕುಣಿ

“ಕೈ ತೆಗಿಯಲೇ! ಬದುಕಿದ್ದೋನ್ನೇ ಹೂತ ಬೇವರ್ಸಿ ನೀನು. ನಿನ್ನ ಮಣ್ಣು ಬ್ಯಾಡ ಅವನಿಗೆ.”

ಕುಣಿಯ ಅಂಚಿನಲ್ಲಿ ಹಿಡಿ ಮಣ್ಣೆತ್ತಿ ನಿಂತಿದ್ದ ಓಬಳೇಶನ ಕೈಯನ್ನು ಊರ ಹಿರಿಯ ಮೂರ್ತಪ್ಪ ತಟ್ಟಿದ ರಭಸಕ್ಕೆ ಮಣ್ಣೆಲ್ಲ ಚೆಲ್ಲಿತು. ಮಾಡದಕೆರೆಯ ಜನ ಸುತ್ತ ನೆರೆದಿದ್ದರು. ಕೆಳಗೆ ಕುಣಿಯಲ್ಲಿ, ಬಿಳಿ ಬಟ್ಟೆ ಸುತ್ತಿದ ಕುರಿಗಾಹಿ ತಿಮ್ಮರಾಯಪ್ಪನ ಹೆಣ. ಹೆಂಡತಿಯಿಲ್ಲ, ಮಕ್ಕಳಿಲ್ಲ; ಅಳಲು ಅಕ್ಕ ನಿಂಗಕ್ಕ ಒಬ್ಬಳೇ.

“ಎದೆನೋವಿಂದ ಸತ್ತಿದ್ದು ಕಣಣ್ಣ,” ಎಂದ ಓಬಳೇಶ, ಬಾಯಿಗೆ ಬಂದ ಬೈಗುಳ ನುಂಗಿ.

“ಸುಮ್ನೆ ಬರ್ತೈತಾ ಎದೆನೋವು? ಅಗೆದ ಕುಣೀನ ಬರಿದೇ ಮುಚ್ಚಬಾರ್ದು, ಒಂದು ಕಲ್ಲಾದ್ರೂ ಮಲಗಿಸ್ಬೇಕು ಅಂತ ಗೊತ್ತಿರ್ಲಿಲ್ವಾ ನಿಂಗೆ? ಕಾಯ್ಕಂಡಿತ್ತು ನಿನ್ನ ಸಿನಿಮಾ ಕುಣಿ. ಕರ್ಕಂತು.”

ಗೊತ್ತಿತ್ತು. ಶೂಟಿಂಗಿನ ಸಂಜೆ, ಬೆಳಕು ಹೋಗುತ್ತಿದ್ದ ಅವಸರದಲ್ಲಿ ಓಬಳೇಶ ಮರೆತಿದ್ದ.

*

ಕಳೆದ ಬೇಸಿಗೆಯಲ್ಲಿ, ಮಾರಿಕಣಿವೆಯ ಆಚೆಗಿನ ಬೋಳುಗುಡ್ಡದಲ್ಲಿ ಸಿನಿಮಾ ಶೂಟಿಂಗು. ಮದುವೆ ವಿಡಿಯೊ ತೆಗೆಯುವ ಓಬಳೇಶನೇ ಡೈರೆಕ್ಟರು. ಹ್ಯಾಟು ಹಾಕಿದ ಕೌಬಾಯ್‌ಗಳು, ಅವರ ರಕ್ತ ಹೀರುವ ಹೆಣ. ಕುದುರೆ ಚಿತ್ರದುರ್ಗದ ಮದುವೆ ಮೆರವಣಿಗೆಯದು. ಬ್ಯಾಂಡ್ ಬಾರಿಸದೆ ಹೆಜ್ಜೆ ಎತ್ತುತ್ತಿರಲಿಲ್ಲ. ಹೆಣದ ಪಾತ್ರ ತಿಮ್ಮರಾಯಪ್ಪನದು. ಕೋರೆಹಲ್ಲಿಗೆ ಕೊಬ್ಬರಿ ಚೂರು.

“ಹಲ್ಲೆಲ್ಲಿ ಮಾವ?” ಎಂದು ಕೇಳಿದ್ದ ಓಬಳೇಶ.

“ತಿಂದ್ಬಿಟ್ಟೆ ಕಣಪ್ಪ. ಇನ್ನೆರಡು ಕೊಡು.”

ಸಂಜೆ ಅವನನ್ನು ಕುಣಿಯಲ್ಲಿ ಮಲಗಿಸಿ ಎದೆಯವರೆಗೆ ಮಣ್ಣು ಹಾಕಿದರು. ಹುಡುಗರು ಹ್ಯಾಟು ತೆಗೆದು ಅತ್ತರು. ಶಾಟ್ ಮುಗಿದರೂ ಅವನು ಏಳಲಿಲ್ಲ.

“ಇನ್ನೊಂದ್ಸಲ ತಗಿಯಪ್ಪ.”

“ಚೆನ್ನಾಗೇ ಬಂದೈತಲ್ಲ ಮಾವ.”

“ಇರ್ಲಿ ಬಿಡು. ನಂಗಂತ ಇಷ್ಟು ಜನ ಯಾವತ್ತು ಸೇರಿದ್ರು?”

ಅವನು ಎದ್ದ ಮೇಲೆ, ಮುಚ್ಚಿದ ಗೋರಿಯ ಶಾಟಿಗೆಂದು ಕತ್ತಲಾಗುವ ಮುಂಚೆ ಬರಿ ಕುಣಿಗೆ ಮಣ್ಣೆಳೆದರು. ಹೆಣ ಎದ್ದು ಬರುವ ಶಾಟು ಮರುದಿನಕ್ಕಿತ್ತು. ಅಷ್ಟರಲ್ಲಿ ಸುದ್ದಿ ಮುಟ್ಟಿ, ಊರವರು ಬಂದು ಕುದುರೆ ಸಮೇತ ಎಲ್ಲರನ್ನೂ ಅಟ್ಟಿದರು. ಸಿನಿಮಾ ಅಲ್ಲಿಗೇ ನಿಂತಿತು. ಹೂಳಿಸಿಕೊಂಡು ಎದ್ದವನೆಂದು ತಿಮ್ಮರಾಯಪ್ಪನನ್ನು ಆಮೇಲೆ ಯಾರೂ ಜಗಲಿ ಹತ್ತಿಸಲಿಲ್ಲ.

*

“ಹಾಕ್ಲಿ ಬಿಡು ಮೂರ್ತಪ್ಪ,” ಎಂದಳು ನಿಂಗಕ್ಕ. “ನೀವ್ಯಾರೂ ಅವನ್ನ ಮಾತಾಡಿಸ್ಲಿಲ್ಲ. ಇವನಾದ್ರೂ ಮಾವ ಅಂತಿದ್ದ.”

ಮೂರ್ತಪ್ಪ ಪಕ್ಕಕ್ಕೆ ಸರಿದ. ಓಬಳೇಶ ಮಣ್ಣು ಹಾಕಿದ. ಬಟ್ಟೆಯ ಮೇಲೆ ಅದು ಸದ್ದು ಮಾಡಿ ಬಿತ್ತು.

ನಿಂಗಕ್ಕ ಅವನ ತೋಳು ಹಿಡಿದಳು. “ನಿನ್ನ ಸಿನಿಮಾದಾಗೆ ಕೊನೀಗೆ ಎದ್ದು ಬರ್ತಾನಂತಲ್ಲಪ್ಪ ನನ್ ತಮ್ಮ. ಅದನ್ನೊಂದ್ಸಲ ತೋರಿಸ್ತೀಯಾ?”

ತೆಗೆಯದೇ ಉಳಿದ ಶಾಟು ಅದು. ಸಲಿಕೆಗಳು ಮಣ್ಣೆಳೆಯತೊಡಗಿದ್ದವು. ಓಬಳೇಶ ಮೆಲ್ಲಗೆ ತೋಳು ಬಿಡಿಸಿಕೊಂಡು, ಜನರ ನಡುವಿನಿಂದ ಹಾದು, ಕುರಿಗಳು ತುಳಿದು ಸವೆಸಿದ ದಾರಿಯಲ್ಲಿ ನಡೆದುಹೋದ.