ಗೋಲ್ ಚಕ್ಕರ್‌ನ ನಾಲ್ಕನೆಯ ದಾರಿ

ಕಾರಿನ ಬಲಬದಿಯ ಮುಂದಿನ ಬಂಪರ್ ಮೇಲೆ ಒಂದು ಗೇಣುದ್ದದ ಬಿಳಿ ಗೀರು ಬಿದ್ದಿತ್ತು. ಎರಡು ತಿಂಗಳಲ್ಲಿ ಇದು ಮೂರನೆಯದು. ಮೊದಲ ಸಲ ಬಲಗನ್ನಡಿ ಮುರಿದಿತ್ತು, ಎರಡನೆಯ ಸಲ ಬಾಗಿಲು ನೆಗ್ಗಿತ್ತು. ಮೂರೂ ನಡೆದದ್ದು ಭಾನುವಾರ ಬೆಳಗ್ಗೆ ಏಳಕ್ಕೆ ಮುಂಚೆ, ರಸ್ತೆಗಳು ಸೇರುವ ಒಂದೇ ವೃತ್ತದಲ್ಲಿ, ದೆಹಲಿಯವರು ಹೇಳುವ ಗೋಲ್ ಚಕ್ಕರ್‌ನಲ್ಲಿ. ಮೂರು ಸಲವೂ ಸ್ಟಿಯರಿಂಗ್ ಹಿಡಿದಿದ್ದವರು ನಿವೃತ್ತ ಸುಬೇದಾರ್ ಕೆಂಪಣ್ಣ.

ಕೆಂಪಣ್ಣನವರಿಗೆ ಅರವತ್ತನಾಲ್ಕು ವರ್ಷ, ಊರು ಸೋಮವಾರಪೇಟೆ. ಇಪ್ಪತ್ತಾರು ವರ್ಷ ಸೇನೆಯಲ್ಲಿ ಲಾರಿ ಓಡಿಸಿದವರು, ಕೊನೆಯ ಆರು ವರ್ಷ ಹೊಸಬರಿಗೆ ಲಾರಿ ಕಲಿಸಿದವರು. ಅಳಿಯ ಹರೀಶ್ ನೌಕಾಪಡೆಯಲ್ಲಿದ್ದಾನೆ. ಅವನಿಗೆ ವಿಶಾಖಪಟ್ಟಣಕ್ಕೆ ವರ್ಗವಾದಾಗ ಮಗಳು ಲಾವಣ್ಯಾ ಮತ್ತು ಮೊಮ್ಮಗಳು ಹಂಸಿನಿಗೆ ಜೊತೆಯಾಗಲೆಂದು ದೆಹಲಿಯ ಸರೋಜಿನಿ ನಗರದ ಕ್ವಾರ್ಟರ್ಸ್‌ಗೆ ಬಂದರು. ಲಾವಣ್ಯಾ ಕೇಂದ್ರ ಸರಕಾರದ ಕಚೇರಿಯೊಂದರಲ್ಲಿ ಸೆಕ್ಷನ್ ಆಫೀಸರ್. ಮನೆಯಲ್ಲಿ ಕೆಂಪಣ್ಣನವರಿಗೆಂದು ಇದ್ದ ಕೆಲಸ ಒಂದೇ: ಪ್ರತಿ ಭಾನುವಾರ ಹನ್ನೊಂದು ವರ್ಷದ ಹಂಸಿನಿಯನ್ನು ಹಾಕಿ ಆಟದ ಅಭ್ಯಾಸಕ್ಕೆ ಕರೆದುಕೊಂಡು ಹೋಗಿ ಕರೆತರುವುದು.

ಲಾವಣ್ಯಾ ಪಾರ್ಕಿಂಗ್‌ನಲ್ಲಿ ಬಗ್ಗಿ ಗೀರಿನ ಮೇಲೆ ಬೆರಳಾಡಿಸಿದಳು.

"ಅಪ್ಪ, ಇದೂ ಅವರದೇ ತಪ್ಪಾ?"

"ಅವನದೇ. ನಾನು ಎಡಗಡೆ ನನ್ನ ಪಾಡಿಗೆ ನಿಧಾನಕ್ಕೆ ಹೋಗ್ತಿದ್ದೆ. ಅವನು ನನ್ನ ಬಲಗಡೆಯಿಂದ ಬಂದು ಮೂತಿ ಮುಂದೆಯೇ ಎಡಕ್ಕೆ ಕತ್ತರಿಸಿದ."

"ಮೂರು ಸಲ, ಮೂರು ಬೇರೆ ಬೇರೆ ಜನ. ಮೂವರೂ ನಿಮ್ಮನ್ನೇ ಹುಡುಕಿಕೊಂಡು ಬಂದ್ರಾ?"

ಹಾಕಿ ಸ್ಟಿಕ್ ಹಿಡಿದು ನಿಂತಿದ್ದ ಹಂಸಿನಿ ಬಾಯಿ ಹಾಕಿದಳು. "ಮಮ್ಮಾ, ಆ ಅಂಕಲ್ ತಾತನಿಗೆ ಬೋಲಾ, 'ತಾವೂಜೀ, ಇಷ್ಟು ದೂರ ಹೋಗೋದಿದ್ರೆ ಹೊರಗಡೆ ಲೇನ್‌ನಲ್ಲಿ ಯಾಕೆ ಗಾಡಿ ಚಲಾ ರಹೇ ಹೋ' ಅಂತ."

"ನೀನು ಸುಮ್ಮನಿರು," ಎಂದರು ಕೆಂಪಣ್ಣ.

ಲಾವಣ್ಯಾ ದನಿ ಏರಿಸಲಿಲ್ಲ. ಕಚೇರಿಯಲ್ಲಿ ಫೈಲಿನ ಮೇಲೆ ಷರಾ ಬರೆಯುವವರ ಹಾಗೆ ಹೇಳಿದಳು. "ಮುಂದಿನ ಭಾನುವಾರ ನಾನೂ ಬರ್ತೀನಿ, ಹಿಂದೆ ಕೂತು ನೋಡ್ತೀನಿ. ಸರಿಯಾಗಿ ದಾಟಿದ್ರೆ ಕೀ ನಿಮ್ಮ ಹತ್ತಿರವೇ ಇರುತ್ತೆ. ಇಲ್ಲ ಅಂದ್ರೆ ಇವಳು ಕ್ಯಾಬ್‌ನಲ್ಲಿ ಹೋಗ್ತಾಳೆ. ಒಳಗೆ ನನ್ನ ಮಗು ಇರುತ್ತಪ್ಪ."

ಕೆಂಪಣ್ಣ ಹಿಮ ಬಿದ್ದ ಕಾಶ್ಮೀರದ ಜೋಜಿಲಾ ಕಣಿವೆಯಲ್ಲಿ ಚಕ್ರಕ್ಕೆ ಸರಪಣಿ ಸುತ್ತಿ ಲಾರಿ ದಾಟಿಸಿದವರು, ಒಂದೇ ಒಂದು ಅಪಘಾತವಿಲ್ಲದೆ ನಿವೃತ್ತಿಯಾದವರು. ಅಂಥವರಿಗೆ ಮಗಳು ಪರೀಕ್ಷೆ ಇಟ್ಟಿದ್ದಳು. 

ಶನಿವಾರ ಬೆಳಗ್ಗೆ ವಾಕಿಂಗ್ ಎಂದು ಹೇಳಿ ಹೊರಟವರು ಆಟೊ ಹಿಡಿದು ಅದೇ ಗೋಲ್ ಚಕ್ಕರ್‌ಗೆ ಹೋದರು. ದಾಳಿಗೆ ಮುಂಚೆ ಜಾಗ ನೋಡಿಬರುವುದು ಸೇನೆಯ ಪದ್ಧತಿ. ಆಟೊದವನ ಹೆಸರು ಪವನ್. ಇಪ್ಪತ್ತು ವರ್ಷದಿಂದ ದೆಹಲಿಯಲ್ಲಿರುವ ಬಿಹಾರದವನು. ಚಕ್ಕರ್ ಹತ್ತಿರ ಬಂದಾಗ ಕೆಂಪಣ್ಣ, "ಇಳಿಯಲ್ಲ ಭಯ್ಯಾ, ಇದನ್ನೇ ಮೂರು ಸುತ್ತು ಹಾಕು," ಎಂದು ಹಿಂದಿಯಲ್ಲಿ ಹೇಳಿದರು.

ಪವನ್ ಕನ್ನಡಿಯಲ್ಲಿ ಅವರ ಮುಖ ನೋಡಿದ. "ಸಾಬ್, ಯಹಾಂ ತೋ ಕೋಯಿ ಮಂದಿರ್ ನಹೀ ಹೈ. ಗುಡಿಯೇ ಇಲ್ಲದ ಕಡೆ ಪ್ರದಕ್ಷಿಣೆ ಯಾರಿಗೆ?"

"ನನಗೆ. ನೀನು ಹಾಕು."

ಅಲ್ಲಿ ಐದು ರಸ್ತೆಗಳು ಸೇರುತ್ತವೆ, ಸಿಗ್ನಲ್ ಇಲ್ಲ. ನಡುವೆ ಹುಲ್ಲು, ನಾಲ್ಕಾರು ನೇರಳೆ ಮರ. ಸುತ್ತ ಮೂರು ಲೇನ್. ಸರೋಜಿನಿ ನಗರದ ಕಡೆಯಿಂದ ಬಂದರೆ ಎಡಕ್ಕೆ ಸಿಗುವುದು ಮೊದಲನೆಯ ದಾರಿ, ಆಮೇಲೆ ಎರಡನೆಯದು, ಮೂರನೆಯದು. ಮೈದಾನಕ್ಕೆ ಹೋಗುವುದು ನಾಲ್ಕನೆಯದು. ಅಂದರೆ ಮುಕ್ಕಾಲು ಸುತ್ತಿಗೂ ಹೆಚ್ಚು. ಪವನ್ ಆಟೊವನ್ನು ನೇರ ಒಳಗಿನ ಲೇನ್‌ಗೆ, ಹುಲ್ಲಿನ ಕಟ್ಟೆಯ ಪಕ್ಕಕ್ಕೆ ತಂದು ಸುತ್ತತೊಡಗಿದ.

"ಇಲ್ಲಿಗೆ ಯಾಕೆ ತಂದೆ? ಎಡಗಡೆ ಖಾಲಿ ಇತ್ತಲ್ಲ."

"ಎಡಗಡೆ ಮೊದಲು ಇಳಿಯೋರಿಗೆ ಸಾಬ್. ನೀವು ಡಿಟಿಸಿ ಸಿಟಿ ಬಸ್ ಹತ್ತಿಲ್ವಾ? ಮುಂದಿನ ಸ್ಟಾಪ್‌ನಲ್ಲಿ ಇಳಿಯೋನು ಬಾಗಿಲ ಹತ್ತಿರ ನಿಲ್ತಾನೆ. ಕೊನೇ ಸ್ಟಾಪ್‌ನವನು ಒಳಗೆ ಹೋಗ್ತಾನೆ. ಅವನ ಸ್ಟಾಪ್ ಹತ್ತಿರ ಬಂತು ಅಂದಾಗ ಬಾಗಿಲಿಗೆ ಸರೀತಾನೆ. ಕೊನೇ ಸ್ಟಾಪ್‌ನವನು ಮೊದಲಿಂದ ಬಾಗಿಲಲ್ಲೇ ನಿಂತ್ರೆ ಎಲ್ಲರೂ ಅವನನ್ನ ತಳ್ಳಿಕೊಂಡೇ ಇಳೀಬೇಕು. ಬೈಗುಳ ಬೇರೆ."

ಕೆಂಪಣ್ಣ ಹೊರಗಿನ ಲೇನ್ ಕಡೆ ತಿರುಗಿ ನೋಡಿದರು. ಮೂರನೆಯ ಸುತ್ತು ಮುಗಿಯುತ್ತಿತ್ತು. "ಇನ್ನೆರಡು ಹಾಕು," ಎಂದರು.

"ಐದು ಸುತ್ತಿಗೆ ಪುಣ್ಯ ಜಾಸ್ತಿ," ಎಂದ ಪವನ್.

ಆಮೇಲೆ ಇಳಿದು ಫುಟ್‌ಪಾತಿನ ಬೇವಿನ ಮರದ ಕೆಳಗೆ ಒಂದು ಗಂಟೆ ನಿಂತರು. ಜೇಬಿನ ಡೈರಿಯಲ್ಲಿ ಗೆರೆ ಹಾಕುತ್ತಾ ಹೋದರು. ತಮ್ಮ ದಾರಿಯಿಂದ ಬಂದು ನಾಲ್ಕನೆಯದಕ್ಕೆ ಹೋದ ಕಾರುಗಳು ನಲವತ್ತೊಂದು. ಅದರಲ್ಲಿ ಮೂವತ್ತಮೂರು ಒಳಗಿನ ಲೇನ್ ಹಿಡಿದವು, ಮೂರನೆಯ ದಾರಿ ದಾಟಿದ ಮೇಲೆ ಎಡ ಇಂಡಿಕೇಟರ್ ಹಾಕಿ ಹೊರಕ್ಕೆ ಸರಿದವು. ಎಂಟು ಮಾತ್ರ ಕೆಂಪಣ್ಣನವರ ಹಾಗೆ ಹೊರಗಿನ ಲೇನ್‌ನಲ್ಲೇ ಸುತ್ತಿದವು. ಆ ಎಂಟರಲ್ಲಿ ಐದಕ್ಕೆ ಯಾರಾದರೂ ಹಾರ್ನ್ ಹೊಡೆದರು.

ಅಂಕಿ ನೋಡಿದಾಗ ಅವರಿಗೆ ಇನ್ನೊಂದು ವಿಷಯ ಹೊಳೆಯಿತು. ಇಪ್ಪತ್ತಾರು ವರ್ಷದಲ್ಲಿ ಅವರು ನೂರಾರು ವೃತ್ತಗಳನ್ನು ದಾಟಿದ್ದರು. ಆದರೆ ಕಾನ್ವಾಯ್‌ನಲ್ಲಿ, ಸಾಲಾಗಿ ಸಾಗುವ ಸೇನಾ ಗಾಡಿಗಳ ನಡುವೆ. ಕಾನ್ವಾಯ್ ಬರುವ ಮುಂಚೆಯೇ ಕೆಂಪು ಟೋಪಿಯ ಮಿಲಿಟರಿ ಪೊಲೀಸ್ ವೃತ್ತದಲ್ಲಿ ನಿಂತಿರುತ್ತಿದ್ದ. ಕೈ ಎತ್ತಿ ಊರಿನ ಗಾಡಿಗಳನ್ನೆಲ್ಲ ತಡೆದಿರುತ್ತಿದ್ದ. ಡ್ರೈವರ್‌ಗೆ ಇದ್ದ ಆಜ್ಞೆ ಎರಡೇ: ಎಡಕ್ಕಿರು, ಮುಂದಿನ ಗಾಡಿಯ ಬೆನ್ನು ಬಿಡಬೇಡ. ಯಾವ ಲೇನ್ ಎಂದು ಅವರು ಒಮ್ಮೆಯೂ ಆರಿಸಿರಲಿಲ್ಲ. ತಾವು ಕಲಿಸಿದ ಹುಡುಗರಿಗೂ ಅದನ್ನೇ ಕಲಿಸಿದ್ದರು. ಅವರೆಲ್ಲ ಈಗ ಯಾವ ಯಾವ ಊರಿನಲ್ಲಿ ಹೊರಗಿನ ಲೇನ್ ಹಿಡಿದು ಸುತ್ತುತ್ತಿದ್ದಾರೋ ಎಂದು ಯೋಚನೆ ಬಂತು.

ಭಾನುವಾರ ಆರೂವರೆಗೆ ಹೊರಟರು. ಹಂಸಿನಿ ಮುಂದೆ ಕೂರುತ್ತೇನೆಂದು ಹಟ ಮಾಡಿ, ಬೈಸಿಕೊಂಡು, ಹಿಂದೆ ಅಮ್ಮನ ಪಕ್ಕ ಕೂತಳು. ಏಳಕ್ಕೆ ಒಂದು ನಿಮಿಷ ತಡವಾದರೂ ಕೋಚ್ ಮೈದಾನ ಸುತ್ತಿಸುತ್ತಾರೆಂದು ದಾರಿಯುದ್ದಕ್ಕೂ ನೆನಪಿಸುತ್ತಿದ್ದಳು.

ಗೋಲ್ ಚಕ್ಕರ್‌ಗೆ ನೂರು ಮೀಟರ್ ಇರುವಾಗಲೇ ಕೆಂಪಣ್ಣ ಬಲ ಇಂಡಿಕೇಟರ್ ಹಾಕಿ ಬಲಗಡೆಯ ಲೇನ್‌ಗೆ ಬಂದರು. ವೃತ್ತದ ಬಾಯಿಯಲ್ಲಿ ನಿಂತು, ಬಲದಿಂದ ಬರುತ್ತಿದ್ದ ಎರಡು ಕಾರುಗಳನ್ನು ಬಿಟ್ಟು, ಒಳಗಿನ ಲೇನ್ ಹಿಡಿದರು. ಲಾವಣ್ಯಾ ಮುಂದಕ್ಕೆ ಬಾಗಿದಳು. ಮೊದಲನೆಯ ದಾರಿ ಹೋಯಿತು. ಎರಡನೆಯದರಲ್ಲಿ ಹೊರಗಿನ ಮೂರು ಕಾರುಗಳು ಇಳಿದುಹೋದವು, ಯಾವುದೂ ಇವರ ಹತ್ತಿರಕ್ಕೂ ಬರಲಿಲ್ಲ. ಮೂರನೆಯದು ದಾಟಿತು. ಕೆಂಪಣ್ಣ ಎಡ ಇಂಡಿಕೇಟರ್ ಹಾಕಿ ಕನ್ನಡಿ ನೋಡಿದರು.

ಕನ್ನಡಿ ತುಂಬ ಒಂದು ಹಸಿರು ಬಸ್ಸು ಇತ್ತು. ನಡುವಿನ ಲೇನ್‌ನಲ್ಲಿ, ಇವರ ಹಿಂಬಾಗಿಲಿಗೆ ಸಮವಾಗಿ, ಇವರಷ್ಟೇ ವೇಗದಲ್ಲಿ ಬರುತ್ತಿತ್ತು.

ಎಡಕ್ಕೆ ಸರಿಯಲು ಜಾಗವಿರಲಿಲ್ಲ. ಒತ್ತಿ ಮುಂದೆ ಹೋದರೆ ಬಸ್ಸಿನ ಮೂತಿಗೆ ಅಡ್ಡವಾಗುತ್ತದೆ. ನಿಂತರೆ ಹಿಂದಿನವನು ಗುದ್ದುತ್ತಾನೆ. ನಾಲ್ಕನೆಯ ದಾರಿಯ ಬಾಯಿ ಬಂತು.

"ತಾತಾ, ಇಲ್ಲೇ, ಇಲ್ಲೇ," ಎಂದಳು ಹಂಸಿನಿ.

ಕೆಂಪಣ್ಣ ಇಂಡಿಕೇಟರ್ ಆರಿಸಿದರು. ಕಾರು ಒಳಗಿನ ಲೇನ್‌ನಲ್ಲೇ ಮುಂದೆ ಹೋಯಿತು.

"ಮಿಸ್ ಹೋ ಗಯಾ," ಎಂದಳು ಹಂಸಿನಿ. "ತಾತ, ಮಿಸ್ ಆಯ್ತು. ಈಗ ಕೋಚ್ ಓಡಿಸ್ತಾರೆ."

"ಗೊತ್ತು ಪುಟ್ಟ. ಇನ್ನೊಂದು ಸುತ್ತು ಹಾಕೋಣ."

ಕಾನ್ವಾಯ್‌ನಲ್ಲಿ ತಿರುವು ತಪ್ಪಿಸಿದ ಡ್ರೈವರ್‌ಗೆ ಅವರೇ ಎಷ್ಟೋ ಸಲ ಶಿಕ್ಷೆ ಕೊಟ್ಟಿದ್ದರು. ಮಗಳು ಹಿಂದೆ ಕೂತು ನೋಡುತ್ತಿದ್ದಾಳೆ ಎನ್ನುವುದು ಕುತ್ತಿಗೆಯ ಹಿಂದೆ ತಟ್ಟುತ್ತಿತ್ತು. ಆದರೂ ವೇಗ ಮೂವತ್ತನ್ನು ದಾಟಲಿಲ್ಲ. ತಾವು ಬಂದ ದಾರಿ ಮತ್ತೆ ಎಡಕ್ಕೆ ಕಾಣಿಸಿತು, ಆಮೇಲೆ ಒಂದು, ಎರಡು. ಮೂರನೆಯದು ದಾಟಿದಾಗ ಕನ್ನಡಿಯಲ್ಲಿ ಖಾಲಿ ರಸ್ತೆ. ನಡುವಿನ ಲೇನ್‌ಗೆ ಸರಿದರು, ಮತ್ತೆ ಎಡಗನ್ನಡಿ ನೋಡಿ ಹೊರಗಿನದಕ್ಕೆ, ಅಲ್ಲಿಂದ ನಾಲ್ಕನೆಯ ದಾರಿಗೆ. ಯಾರೂ ಹಾರ್ನ್ ಹೊಡೆಯಲಿಲ್ಲ.

ಮೈದಾನದ ಗೇಟಿನಲ್ಲಿ ಗಡಿಯಾರ ಏಳು ಗಂಟೆ ಒಂದು ನಿಮಿಷ ತೋರಿಸುತ್ತಿತ್ತು. ಹಂಸಿನಿ ಬ್ಯಾಗ್ ಎಸೆದು ಓಡಿದಳು. ಕೋಚ್ ಬೆರಳಿನಲ್ಲಿ ಗಾಳಿಯಲ್ಲಿ ಒಂದು ವೃತ್ತ ಬರೆದರು. ಅವಳು ಮೈದಾನ ಸುತ್ತಲು ಶುರುಮಾಡಿದಳು.

ಕೆಂಪಣ್ಣ ಎಂಜಿನ್ ಆರಿಸಿ, ಕೀ ತೆಗೆದು, ಮಗಳು ಕೇಳುವ ಮುಂಚೆಯೇ ಹಿಂದಕ್ಕೆ ಚಾಚಿದರು. "ಮೊದಲನೇ ಸಲ ದಾಟೋಕೆ ಆಗಲಿಲ್ಲ. ನೀನು ಹೇಳಿದ ಮಾತು ಮಾತೇ."

ಲಾವಣ್ಯಾ ಕೀ ತೆಗೆದುಕೊಳ್ಳಲಿಲ್ಲ. "ಲೇನ್ ಯಾರು ಹೇಳಿಕೊಟ್ರು?"

"ಆಟೊ ಪವನ್. ನಿನ್ನೆ ಐದು ಸುತ್ತು ಹಾಕಿಸಿದೆ."

"ವಾಕಿಂಗ್ ಅಂತ ಹೋಗಿದ್ರಿ."

"ಸ್ವಲ್ಪ ದೂರ ಹೋಯ್ತು."

ಅವಳಿಗೆ ನಗು ಬಂತು, ಕಿಟಕಿಯ ಕಡೆ ತಿರುಗಿದಳು. ದೂರದಲ್ಲಿ ಹಂಸಿನಿ ಗೋಲ್‌ಪೋಸ್ಟ್ ಹಿಂದಿನಿಂದ ತಿರುಗುತ್ತಿದ್ದಳು. "ಬಸ್ಸು ಬಂತಲ್ಲ, ಆಗ ನಾನಾಗಿದ್ರೆ ಅದರ ಮುಂದೆ ನುಗ್ಗಿಸಿಬಿಡ್ತಿದ್ದೆ," ಎಂದಳು. "ಆಫೀಸಿಗೆ ಹೋಗುವಾಗ ದಿನಾ ನುಗ್ಗಿಸ್ತೀನಿ."

"ಅದು ತಪ್ಪು."

"ಗೊತ್ತಪ್ಪ."

ಬಾಗಿಲು ತೆಗೆದು ಇಳಿದು, ತನ್ನ ಬ್ಯಾಗ್ ಹೆಗಲಿಗೆ ಹಾಕಿಕೊಂಡಳು. "ನಾನು ಮೆಟ್ರೋದಲ್ಲಿ ಮನೆಗೆ ಹೋಗ್ತೀನಿ, ಬಟ್ಟೆ ಒಗೆಯೋದಿದೆ. ಒಂಬತ್ತಕ್ಕೆ ಇವಳನ್ನ ಕರ್ಕೊಂಡು ಬನ್ನಿ. ಬರುವಾಗ ಆ ಚಕ್ಕರ್‌ನಲ್ಲಿ ನಮ್ಮದು ಎಷ್ಟನೇ ದಾರಿ?"

ಕೆಂಪಣ್ಣ ಮನಸ್ಸಿನಲ್ಲೇ ಎಣಿಸಿದರು. "ಮೊದಲನೇದು. ಎಡಗಡೆ ಲೇನ್."

"ಹೂಂ," ಎಂದು ಲಾವಣ್ಯಾ ಗೇಟಿನ ಕಡೆ ನಡೆದಳು.

ಕೀ ಇನ್ನೂ ಅವರ ಅಂಗೈಯಲ್ಲೇ ಇತ್ತು. ಅದನ್ನು ಅಂಗಿಯ ಜೇಬಿಗೆ ಹಾಕಿ, ಗುಂಡಿ ಹಾಕಿದರು.