ಅಂಬಮ್ಮನ ತೂಕ

ಮೂರನೆಯ ಉಬ್ಬು ಹತ್ತಿ ಇಳಿಯುವಾಗ ಅಂಬಮ್ಮ ಸೀಟಿನಿಂದ ಒಂದು ಗೇಣು ಮೇಲಕ್ಕೆ ಹಾರಿದಳು. ಕೆಳಗೆ ಬರುವಷ್ಟರಲ್ಲಿ ಗಾಡಿ ಅಲ್ಲಿರಲಿಲ್ಲ. ಎಜ್ದಿ ಮೋಟರ್ ಸೈಕಲ್ಲು ಎಡಕ್ಕೆ ವಾಲಿ, ಒಣಗಿದ ಕೆರೆಯಂಗಳದ ಮಣ್ಣನ್ನು ಉಜ್ಜುತ್ತ ಹೋಗಿ ಬಿತ್ತು. ಅಂಬಮ್ಮ ಬಲಕ್ಕೆ ಉರುಳಿ, ಎದ್ದು ಕುಳಿತು, ಮೊದಲು ಗಾಡಿಯ ಕಡೆ ನೋಡಿದಳು.

ಏರಿಯ ಮೇಲೆ ನಿಂತಿದ್ದ ಭೀಮಲಿಂಗಪ್ಪ ತನ್ನ ಕ್ವಿಂಟಲ್ ತೂಕದ ಮೈ ಹೊತ್ತು, ಮಡಚಲಾಗದ ಬಲಗಾಲನ್ನು ಎಳೆಯುತ್ತ ಇಳಿದು ಬಂದ.

"ಏನಾತವ್ವಾ? ಎಲ್ಲಿ ಬಡೀತು?"

"ಪರ್ವಾಲೇದು ಮಾವಾರ. ಮೊಣಕೈ ಅಷ್ಟ ತರಚೈತಿ."

"ಟಾಂಕಿ ಮೊಣಕಾಲಾಗ ಗಟ್ಟಿ ಅವಚಿ ಹಿಡಿ ಅಂತ ಹೇಳಿಲ್ಲೇನು ನಿನಗ?"

"ಹಿಡಿದಿದ್ನಿರಿ. ಗಾಡೀನ ನನ್ನ ಎತ್ತಿ ಒಗೀತು."

ಭೀಮಲಿಂಗಪ್ಪ ನಂಬಲಿಲ್ಲ. ಆ ಗಾಡಿ ಅವನನ್ನು ಯಾವತ್ತೂ ಎತ್ತಿ ಒಗೆದಿರಲಿಲ್ಲ. ಆದೋನಿಯ ಹತ್ತಿ ಮಾರ್ಕೆಟ್ಟಿನಲ್ಲಿ ದಲಾಲಿ ಮಾಡುವ ಅವನಿಗೆ ಬೇಸಿಗೆ ಬಂತೆಂದರೆ ಈ ಕೆರೆಯಂಗಳದ ಹುಚ್ಚು. ನೀರು ಬತ್ತಿದ ಮೇಲೆ ಊರಿನ ಹುಡುಗರು ಇಲ್ಲಿ ಸುಣ್ಣದ ಗೆರೆ ಹಾಕಿ ಮೋಟರ್ ಸೈಕಲ್ ಪಂದ್ಯ ಇಡುತ್ತಿದ್ದರು. ಬಳ್ಳಾರಿಯಿಂದಲೂ ಬಂದು ಓಡಿಸುತ್ತಿದ್ದರು. ಮೀಸೆ ನೆರೆತ ಮೇಲೂ ಅವರ ನಡುವೆ ಓಡಿಸಿ ಗೆದ್ದವನು ಭೀಮಲಿಂಗಪ್ಪ ಒಬ್ಬನೇ. ಹೋದ ಬೇಸಿಗೆಯ ಹಿಂದಿನ ಬೇಸಿಗೆ ಮೊಣಕಾಲಿನ ಚಿಪ್ಪು ಒಡೆಯಿತು. ಇನ್ನು ಗಾಡಿಯ ಹೆಸರು ಎತ್ತಬೇಡವೆಂದು ಡಾಕ್ಟರು ಹೇಳಿದರು. ಅಂದಿನಿಂದ ಎಜ್ದಿ ಪಡಸಾಲೆಯಲ್ಲಿ ಗೋಣಿತಾಟು ಹೊದ್ದು ನಿಂತಿತ್ತು. ದಿನಾ ಬೆಳಿಗ್ಗೆ ತಾಟು ಸರಿಸಿ, ಒದ್ದು ಚಾಲೂ ಮಾಡಿ, ಸದ್ದು ಕೇಳಿ, ಬಂದ್ ಮಾಡುವುದಷ್ಟೇ ಅವನಿಗೆ ಉಳಿದದ್ದು. ಬ್ಯಾಂಕಿನಲ್ಲಿ ಕೆಲಸ ಮಾಡುವ ಮಗ ಮರಿಬಸಪ್ಪನಿಗೆ ಸೈಕಲ್ಲೇ ಸಾಕಾಗಿತ್ತು.

ಹೋದ ದೀಪಾವಳಿಯ ಹೊತ್ತಿನಲ್ಲಿ ಒಂದು ದಿನ ಗಾಡಿ ಚಾಲೂ ಆಗಲೊಲ್ಲದು. ಕುಂಟುಗಾಲಿನಲ್ಲಿ ಒದ್ದು ಒದ್ದು ಭೀಮಲಿಂಗಪ್ಪ ಬೆವೆತು ನಿಂತಿದ್ದಾಗ ಅಡುಗೆಮನೆಯ ಬಾಗಿಲ ಮರೆಯಿಂದ ಹೊಸ ಸೊಸೆಯ ದನಿ ಬಂತು:

"ಮಾವಾರ, ಇಂಜಿನ್ನಿಗೆ ಪೆಟ್ರೋಲ್ ಭಾಳ ಏರೈತಿರಿ. ಟಾಂಕಿ ಚಾವಿ ಬಂದ್ ಮಾಡಿ ಒದೀರಿ."

ಮದ್ದಿಕೇರದಿಂದ ಬಂದು ಆರು ತಿಂಗಳಾದರೂ ಮಾವನೆದುರು ತುಟಿ ಬಿಚ್ಚದ ಹುಡುಗಿ. ಅವಳ ತಂದೆಗೆ ಗಂಡುಮಕ್ಕಳಿರಲಿಲ್ಲ; ಹೊಲಕ್ಕೆ ಬೀಜ, ಗೊಬ್ಬರ, ಬುತ್ತಿ ಎಲ್ಲವನ್ನೂ ರಾಜದೂತ್ ಮೋಟರ್ ಸೈಕಲ್ ಮೇಲೆ ಹೇರಿಕೊಂಡು ಹೋಗುತ್ತಿದ್ದವಳು ಇವಳೇ ಎಂಬುದು ಸಂಬಂಧ ಬೆಳೆಸುವಾಗ ಯಾರೂ ಹೇಳದ ಮಾತು. ಭೀಮಲಿಂಗಪ್ಪ ಪಕ್ಕಕ್ಕೆ ಸರಿದು, "ನೀನ ಒದಿ, ನೋಡೋಣು" ಅಂದ. ಒಂದೇ ಒದೆತಕ್ಕೆ ಎಜ್ದಿ ಗುಡುಗಿತು. ಅಂದಿನಿಂದ ಚಹಾದ ಹೊತ್ತಿಗೆ ಮಾವ ಸೊಸೆಯ ನಡುವೆ ಪ್ಲಗ್ಗು, ಚೈನಿನ ಮಾತು ಶುರುವಾಯಿತು. ಈ ಸಲದ, ಎಂಬತ್ನಾಲ್ಕನೇ ಇಸವಿಯ ಬೇಸಿಗೆಯ ಪಂದ್ಯಕ್ಕೆ ಅವನೇ ಹೋಗಿ ಅವಳ ಹೆಸರು ಬರೆಸಿ ಬಂದಿದ್ದ.

ಗಾಡಿಯಿಂದ ಬಿದ್ದ ಆ ಸಂಜೆ ಅಂಬಮ್ಮನ ತರಚಿದ ಮೊಣಕೈ ಕಂಡು ಭೀಮಲಿಂಗಪ್ಪನ ಹೆಂಡತಿ ಗುರುಬಸಮ್ಮ ಅರಿಸಿನ ಹಚ್ಚುತ್ತಲೇ ಕೂಗಾಡಿದಳು. "ಮನಿಗೆ ಸೊಸಿ ತಂದೀನೋ, ಸರ್ಕಸ್ಸಿನಾಕಿನ್ನ ತಂದೀನೋ! ನಿಮಗಂತೂ ಕಾಲು ಮುರದ್ರೂ ಬುದ್ಧಿ ಬರಲಿಲ್ಲ."

"ಆಕಿಗೆ ತೂಕ ಸಾಲವಲ್ದು ಕಣ. ಇನ್ನೊಂದು ರೊಟ್ಟಿ ಹಾಕು. ತುಪ್ಪ ಸುರಿ" ಎಂದ ಭೀಮಲಿಂಗಪ್ಪ.

ತುಪ್ಪಕ್ಕೆ ಕಾಯುವಷ್ಟು ತಾಳ್ಮೆ ಅವನಿಗೇ ಇರಲಿಲ್ಲ. ಮರುದಿನ ಒಂದು ಚೀಲಕ್ಕೆ ಮರಳು ತುಂಬಿ ಹಿಂದಿನ ಸೀಟಿಗೆ ಬಿಗಿದ. ಅಂಬಮ್ಮ ಹತ್ತಿದಳು. ಉಬ್ಬುಗಳು ಹೇಗೋ ದಾಟಿದವು; ತಿರುವಿನಲ್ಲಿ ಮರಳು ಗಾಡಿಯ ಹಿಂಭಾಗವನ್ನು ಎಳೆದುಕೊಂಡು ಹೋಯಿತು. ಈ ಸಲ ಗಾಡಿ ಅವಳ ಕಾಲ ಮೇಲೆಯೇ ಬಿತ್ತು. ಭೀಮಲಿಂಗಪ್ಪ ಹೋಗಿ ಗಾಡಿ ಎತ್ತಿದ. ಅವಳ ಕಾಲಿನ ಹರಡು ಊದಿಕೊಂಡಿತ್ತು, ಮೂಳೆ ಮಾತ್ರ ಮುರಿದಿರಲಿಲ್ಲ.

ಮನೆಯ ಅಂಗಳದಲ್ಲಿ ಗಾಡಿ ನಿಲ್ಲಿಸಿ ಭೀಮಲಿಂಗಪ್ಪ ಹೇಳಿದ: "ಸಾಕವ್ವಾ. ನಿನಗೇನಾರ ಆದ್ರ ಬೀಗರಿಗೆ ಏನಂತ ಮಾರಿ ತೋರಸ್ಲಿ? ನಾಳೆ ಹೋಗಿ ಹೆಸರು ತಗಸ್ತೀನಿ."

ಅಂಬಮ್ಮ ಕುಂಟುತ್ತ ಬಂದು ಸೀಟಿನ ಮೇಲೆ ಎರಡೂ ಕೈಯೂರಿ ಮೈಭಾರವನ್ನೆಲ್ಲ ಬಿಟ್ಟಳು. ಸೀಟು ಅಲುಗಲಿಲ್ಲ.

"ಈಗ ನೀವು ಕುಂದರ್ರಿ ಮಾವಾರ."

ಅವನು ಕುಳಿತ. ಗಾಡಿ ಹಿತವಾಗಿ ಒಂದಿಷ್ಟು ತಗ್ಗಿ, ಉಸಿರು ಬಿಟ್ಟ ಎಮ್ಮೆಯ ಹಾಗೆ ನಿಂತಿತು.

"ನೋಡಿದ್ರಾ? ನಿಮ್ಮನ್ನ ಗುರ್ತ ಹಿಡೀತೈತಿ. ನಾ ಕುಂತದ್ದು ಅದಕ್ಕ ಗೊತ್ತ ಇಲ್ಲ. ನನ್ನ ದಪ್ಪ ಮಾಡಬ್ಯಾಡ್ರಿ. ಗಾಡೀನ ಮೆತ್ತಗ ಮಾಡ್ರಿ."

ಭೀಮಲಿಂಗಪ್ಪನ ಚಹಾ ಆ ಸಂಜೆ ಆರಿತು. ಅವಳು ಹೇಳಿದ್ದು ಅವನಿಗೆ ಗೊತ್ತಿಲ್ಲದ ಸಂಗತಿಯೇನಲ್ಲ. ತನ್ನ ಭಾರಕ್ಕೆ ಹಿಂದಿನ ಚಕ್ರದ ಶಾಕ್ ಅಬ್ಸಾರ್ಬರ್‌ಗಳು ಕುಸಿಯುತ್ತವೆಂದು ಲಾರಿ ಕಮ್ಮಾರನ ಹತ್ತಿರ ದಪ್ಪ ಸ್ಪ್ರಿಂಗು ಮಾಡಿಸಿ ಹಾಕಿದವನು ಅವನೇ. ಮುಂದಿನ ಚಕ್ರ ಹಿಡಿಯುವ ಫೋರ್ಕಿನೊಳಗೆ ಪೈಪಿನ ತುಂಡು ಕೊಯ್ದು ಇಟ್ಟು ಸ್ಪ್ರಿಂಗನ್ನು ಬಿಗಿ ಮಾಡಿದವನೂ, ತೆಳು ಎಣ್ಣೆ ಚೆಲ್ಲಿ ಪಾಕದಂಥ ದಪ್ಪ ಎಣ್ಣೆ ಹೊಯ್ದವನೂ ಅವನೇ. ವರ್ಷವರ್ಷವೂ ತಿದ್ದಿ ತಿದ್ದಿ ಆ ಗಾಡಿಯನ್ನು ತನ್ನ ಮೈಗೆ ಅಂಗಿಯಂತೆ ಹೊಲಿಸಿಕೊಂಡಿದ್ದ. ಅದನ್ನು ಬಿಚ್ಚಬೇಕೆಂಬುದು ಮೊದಲ ದಿನವೇ ಹೊಳೆಯಬೇಕಿತ್ತು. ಹೊಳೆಯಲಿಲ್ಲವೋ, ಹೊಳೆದದ್ದನ್ನು ತಾನೇ ಒಳಗೆ ತಳ್ಳಿದ್ದನೋ, ಅವನಿಗೇ ಹೇಳಲು ಬರುವಂತಿರಲಿಲ್ಲ.

ಹೆಸರು ತೆಗೆಸಲು ಅವನು ಹೋಗಲಿಲ್ಲ. ಆದಿತ್ಯವಾರ ಬೆಳಿಗ್ಗೆ ಅಂಗಳದಲ್ಲಿ ಗೋಣಿತಾಟು ಹಾಸಿ ಬೋಲ್ಟು ಬಿಚ್ಚುವ ಪಾನಾಗಳನ್ನು ಹರಡಿಕೊಂಡು ಕುಳಿತ. ದಪ್ಪ ಸ್ಪ್ರಿಂಗುಗಳು ಹೊರಬಂದವು. ಅಟ್ಟದ ಮೇಲೆ ಧೂಳು ತಿನ್ನುತ್ತಿದ್ದ ಕಂಪನಿಯ ಸ್ಪ್ರಿಂಗುಗಳು ಒಳಗೆ ಹೋದವು. ಅವುಗಳ ಬಿಗಿ ಹೊಂದಿಸುವ ಬಳೆಯನ್ನು ತಿರುಗಿಸಿ ಎಲ್ಲಕ್ಕಿಂತ ಕೆಳಗಿನ ಕಚ್ಚಿಗೆ ಇಳಿಸಿದ. ಫೋರ್ಕಿನ ಪೈಪಿನ ತುಂಡುಗಳನ್ನು ತೆಗೆದು, ತೆಳು ಎಣ್ಣೆ ಹೊಯ್ದ. ಟೈರಿನ ಹವಾ ಸ್ವಲ್ಪ ಬಿಟ್ಟ. ಇನ್ನು ಅವಳನ್ನು ಕೂರಿಸಿ ಸೀಟು ಎಷ್ಟು ತಗ್ಗುತ್ತದೆಂದು ಅಳೆಯಬೇಕು. ಸೊಸೆ ಗಂಡನ ಪ್ಯಾಂಟು ಹಾಕಿಕೊಂಡು ಗಾಡಿ ಏರಿದಾಗ ಅವಳ ಕಾಲ ಬಳಿ ಮಾವ ಬಗ್ಗಿ ಕೂರುವುದು ಹೇಗೆ? ಅವನು ಬೆನ್ನು ತಿರುಗಿಸಿ ಬೇವಿನ ಮರ ನೋಡುತ್ತ ಕೂಗಿದ:

"ಏ ಇವಳ, ನಿನ್ನ ಕುಬುಸದ ಟೇಪು ತಗೊಂಡು ಬಾ ಇಲ್ಲಿ."

"ನಾ ಬರಾಂಗಿಲ್ಲ. ಈ ಪಾಪದಾಗ ನನ್ನ ಪಾಲಿಲ್ಲ" ಎನ್ನುತ್ತಲೇ ಗುರುಬಸಮ್ಮ ಟೇಪು ಹಿಡಿದು ಬಂದಳು. ನೆಲದಿಂದ ಸೀಟಿಗೆ ಅಳೆದಳು. ಅಂಬಮ್ಮ ಕುಳಿತ ಮೇಲೆ ಇನ್ನೊಮ್ಮೆ ಅಳೆದಳು.

"ಎಷ್ಟು ತಗ್ತು?"

"ಎರಡು ಬಟ್ಟು."

"ಸರ್ಲೇ. ಅಷ್ಟು ಸಾಕು. ಅವ್ವಾ, ನೀ ಒಂದಿಷ್ಟು ಕುಣದು ತೋರ್ಸು." ಅಂಬಮ್ಮ ಕಾಲೂರಿ ಎದ್ದು ಕುಳಿತಳು. ಗಾಡಿ ಅವಳೊಡನೆ ತಗ್ಗಿತು, ಅವಳೊಡನೆ ಎದ್ದಿತು, ಮತ್ತೆ ಕುಣಿಯದೆ ಸುಮ್ಮನಾಯಿತು.

"ಅಯ್ಯ, ತೊಟ್ಲಾಗೈತಿ ನೋಡ್ರಿ ಇದು" ಅಂದಳು ಗುರುಬಸಮ್ಮ. ಅಂದದ್ದಕ್ಕೆ ತಾನೇ ನಾಚಿ ಟೇಪು ಸುತ್ತತೊಡಗಿದಳು.

ಅಂಬಮ್ಮ ಒಳಗೆ ಹೋದ ಮೇಲೆ ಭೀಮಲಿಂಗಪ್ಪ ಎದ್ದು, ಸುತ್ತ ನೋಡಿ, ಗಾಡಿಯ ಮೇಲೆ ಕುಳಿತ. ಅದು ಅವನ ಕೆಳಗೆ ಪೂರ್ತಿ ಕುಸಿದು ಠಣ್ಣೆಂದು ತಳ ಮುಟ್ಟಿತು. ಅವನು ಹಾಗೆಯೇ ಹ್ಯಾಂಡಲ್ ಹಿಡಿದು ಸ್ವಲ್ಪ ಹೊತ್ತು ಕುಳಿತಿದ್ದ. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಗುರುಬಸಮ್ಮನಿಗೆ ನಗು ಬಂದಿತ್ತು, ಆದರೆ ಅವನ ಮುಖ ಕಂಡು ನಗಲಿಲ್ಲ.

"ಇನ್ನ ನಿಮ್ಮನ್ನ ಹೊರಾಂಗಿಲ್ಲಲ್ರೀ ಅದು?"

"ಹೂಂ" ಅಂದ ಭೀಮಲಿಂಗಪ್ಪ. ಇಳಿದು, ಸೀಟಿನ ಮೇಲಿನ ಧೂಳನ್ನು ಟವಲಿನಿಂದ ಒರೆಸಿದ.

ಪಂದ್ಯದ ದಿನ ಕೆರೆಯ ಏರಿಯ ತುಂಬ ಜನ. ಹೆಣ್ಣುಮಗಳು ಓಡಿಸುತ್ತಾಳಂತೆ ಎಂಬ ಸುದ್ದಿಗೆ ಹಾಲಹರವಿಯಿಂದಲೂ ಬಂದಿದ್ದರು. ರಜೆಯಿದ್ದ ಮರಿಬಸಪ್ಪ ಬಂದವನು, ಬಾವುಟ ಬೀಳುವ ಹೊತ್ತಿಗೆ ನೋಡಲಾರದೆ ಸೋಡಾ ಅಂಗಡಿಯ ಹಿಂದೆ ಹೋಗಿ ನಿಂತ. ಭೀಮಲಿಂಗಪ್ಪ ಸವಾರರ ಮುಖ ನೋಡಲಿಲ್ಲ, ಚಕ್ರಗಳನ್ನೇ ನೋಡಿದ. ಮೂರನೆಯ ಉಬ್ಬಿನಲ್ಲಿ ಉಳಿದ ಗಾಡಿಗಳು ನೆಲ ಬಿಟ್ಟು ಬಡಿದುಕೊಂಡು ಬೀಳುತ್ತಿದ್ದವು. ಎಜ್ದಿಯ ಚಕ್ರ ಮಾತ್ರ ಉಬ್ಬನ್ನು ಸವರಿಕೊಂಡು ಹತ್ತಿ, ಸವರಿಕೊಂಡು ಇಳಿಯಿತು. ಮೇಲೆ ಅಂಬಮ್ಮನ ತಲೆ ನೀರಿನ ಕೊಡ ಹೊತ್ತವಳ ತಲೆಯಂತೆ ಒಂದೇ ಮಟ್ಟದಲ್ಲಿ ಸಾಗಿತು. ಸುತ್ತು ಸುತ್ತಿಗೆ ಒಬ್ಬೊಬ್ಬರನ್ನು ಹಿಂದೆ ಹಾಕಿದಳು. ಕೊನೆಗೆ ಬಳ್ಳಾರಿಯ ಒಬ್ಬ ಹುಡುಗ ಅವಳಿಗಿಂತ ಒಂದು ಗಾಡಿಯಷ್ಟು ಮುಂದೆ ಗೆರೆ ದಾಟಿದ.

"ಎರಡನೇದಾತು ಮಾವಾರ" ಅಂದಳು, ಹೆಲ್ಮೆಟ್ ತೆಗೆದು. ಹುಬ್ಬಿನ ತನಕ ಮಣ್ಣು.

"ಗಾಡಿ ಹೆಂಗಿತ್ತು?"

"ನನ್ನ ಮಾತು ಕೇಳ್ತು."

ಭೀಮಲಿಂಗಪ್ಪ ತಲೆಯಾಡಿಸಿದ. ಹಿಂದಿನ ಟೈರನ್ನು ಒತ್ತಿ ನೋಡಿದ.

ಜನ ಕರಗಿದ ಮೇಲೆ ಗುರುಬಸಮ್ಮ ಸೀರೆಯ ನೆರಿಗೆ ಎತ್ತಿ ಹಿಡಿದು ಗಾಡಿಯ ಹತ್ತಿರ ಬಂದಳು. ಮದುವೆಯಾದಂದಿನಿಂದ ಗಂಡ ಎಷ್ಟು ಕರೆದರೂ ಅವಳು ಮೋಟರ್ ಸೈಕಲ್ ಹತ್ತಿದವಳಲ್ಲ.

"ಮೆಲ್ಲಕ ಹೋಗ್ಬೇಕು ನೋಡು ಮತ್ತ" ಎಂದು ಸೊಸೆಗೆ ಹೇಳಿ, ಅವಳ ಭುಜ ಹಿಡಿದು ಹಿಂದೆ ಅಡ್ಡಡ್ಡ ಕುಳಿತಳು. ಕಡ್ಡಿಯಂಥ ಇಬ್ಬರು ಹೆಂಗಸರ ಕೆಳಗೆ ಎಜ್ದಿ ಮೆತ್ತಗೆ ತಗ್ಗಿ ಹೊರಟಿತು. ಮರಿಬಸಪ್ಪ ಸೈಕಲ್ಲಿನಲ್ಲಿ ಹಿಂದೆಯೇ ಹೋದ. ಭೀಮಲಿಂಗಪ್ಪ ಕೋಲೂರಿ ಏರಿಯ ಮೇಲೆ ನಿಂತಿದ್ದ. ಕೆರೆಯಂಗಳದ ಆಚೆ ಒಂದು ಉಬ್ಬು ಬಂದಿತು. ಎರಡು ತಲೆಗಳೂ ಒಟ್ಟಿಗೆ ಏರಿ, ಒಟ್ಟಿಗೆ ಇಳಿದು, ಧೂಳಿನಲ್ಲಿ ಸಣ್ಣಗಾಗುತ್ತ ಹೋದವು.