ಕೆಂಚಿಯ ಕಾಲು ತೊಳೆದದ್ದು

ಗಾಡಿಯವನು ಗಾಡಿಯನ್ನು ಚಾವಣಿಯಡಿಗೆ ತಳ್ಳಿ, ತೊಗಲಿನ ಪಟ್ಟಿಗಳನ್ನು ಗೂಟಕ್ಕೆ ನೇತುಹಾಕಿ ಲಾಯಕ್ಕೆ ಬರುವಷ್ಟರಲ್ಲಿ ಹೆಂಡತಿ ಕುದುರೆ ಕೆಂಚಿಯ ನಾಲ್ಕೂ ಕಾಲು ತೊಳೆದು ಮುಗಿಸಿದ್ದಳು. ಬಕೆಟ್ಟಿನಿಂದ ಇನ್ನೂ ಹಬೆ ಏಳುತ್ತಿತ್ತು. ಮೊಣಕಾಲಿನವರೆಗೆ ಮೆತ್ತಿದ್ದ ಕೆಸರಿನ ಗುರುತೇ ಇರಲಿಲ್ಲ.

ಅವನು ಗೋಡೆಗೆ ಒರಗಿ ನಿಂತ. ಬಯ್ಯುವುದಕ್ಕೂ ತ್ರಾಣವಿರಲಿಲ್ಲ.

“ಯಾರು ತೊಳಿ ಅಂದಿದ್ದು?”

“ಗಡಗಡ ನಡುಗ್ತಾ ಇದ್ಲು ರೀ. ನೋಡೋಕಾಗ್ಲಿಲ್ಲ. ನೀರು ಕಾಯಿಸ್ಕೊಂಡು ಬಂದೆ.”

“ಕೆಸರು ತಾನಾಗೇ ಒಣಗಬೇಕು, ಆಮೇಲೆ ಬ್ರಷ್ಷಲ್ಲಿ ಉದುರಿಸ್ಬೇಕು. ಈ ಚಳೀಲಿ ಒದ್ದೆ ಬಿಟ್ರೆ ಗೊರಸಿನ ಹಿಂದೆ ಚರ್ಮ ಬಿರಿಯುತ್ತೆ. ಹೋದ ವರ್ಷ ಹೇಳಿರ್ಲಿಲ್ವಾ?”

“ಹೋದ ವರ್ಷ ನಾನು ಅಕ್ಕನ ಮನೇಲಿದ್ದೆ. ನೀವು ಹೇಳಿದ್ದು ಕೆಂಚಿಗೆ.”

“ಹಾಗಾದ್ರೆ ಅವಳಾದ್ರೂ ನಿನಗೆ ಹೇಳ್ಬೇಕಿತ್ತು.”

ಇಬ್ಬರಿಗೂ ನಗು ಬರಲಿಲ್ಲ. ಹೋದ ಚಳಿಗಾಲ ಕಾಲು ಬಿರಿದು ಕೆಂಚಿ ಕುಂಟಿದಾಗ ಮರದ ಮಿಲ್ಲಿನ ಯಜಮಾನರು ಮರ ಸಾಗಿಸಲು ಬೇರೆ ಗಾಡಿ ಗೊತ್ತುಮಾಡಿಕೊಂಡಿದ್ದರು. ಕೈಕಾಲು ಹಿಡಿದು ಆ ಕೆಲಸ ವಾಪಸ್ಸು ಪಡೆದದ್ದಾಗಿತ್ತು. ಇನ್ನೊಂದು ಸಲ ಕುಂಟಿದರೆ ಈ ಕಡೆ ತಲೆ ಹಾಕಬೇಡ ಎಂಬ ಷರತ್ತಿನ ಮೇಲೆಯೇ ಅವರು ಒಪ್ಪಿದ್ದು.

ಒರೆಸಲು ಇಟ್ಟಿದ್ದ ಗೋಣಿಗಳೆಲ್ಲ ಮಳೆಗೆ ನೆಂದು ಮುದ್ದೆಯಾಗಿದ್ದವು. ಅವನು ಅಟ್ಟದಿಂದ ಒಣಹುಲ್ಲು ಎಳೆದು ಹಾಕಿದ. ಇಬ್ಬರೂ ಕುಕ್ಕರುಗಾಲಲ್ಲಿ ಕೂತು, ಹುಲ್ಲನ್ನು ಹಿಡಿಯಷ್ಟು ಸುತ್ತಿ ಉಜ್ಜತೊಡಗಿದರು. ಹುಲ್ಲು ತೇವವಾಗುತ್ತಿತ್ತು, ಎಸೆದು ಬೇರೆಯದು ತೆಗೆದುಕೊಳ್ಳುತ್ತಿದ್ದರು. ಕೆಂಚಿ ಒಮ್ಮೆ ಬಾಗಿ ಅವಳ ಸೆರಗನ್ನು ಜಗಿಯಲು ನೋಡಿತು.

“ನಿನಗೇನಮ್ಮ, ಮಹಾರಾಣಿ. ಇಬ್ಬಿಬ್ಬರು ಆಳು,” ಎಂದು ಅವಳು ಸೆರಗು ಬಿಡಿಸಿಕೊಂಡಳು.

ಹಿಂಗಾಲಿನ ಕೂದಲು ಮಾತ್ರ ದಟ್ಟ. ಎಷ್ಟು ಉಜ್ಜಿದರೂ ಬುಡದಲ್ಲಿ ಪಸೆ ಹೋಗಲಿಲ್ಲ. ಅವಳು ಎದ್ದು ಒಳಗೆ ಹೋಗಿ ಹಾಸಿಗೆಯ ಮೇಲಿದ್ದ ರಗ್ಗನ್ನೇ ತಂದಳು.

“ಅದು ಹೊದೆಯೋದು ಕಣೇ.”

“ಗೊತ್ತು. ಕಾಲು ಎತ್ತಿ ಹಿಡೀರಿ.”

ಅವಳು ರಗ್ಗಿನ ಮೂಲೆಯಿಂದ ಒತ್ತಿ ಒತ್ತಿ ಒರೆಸಿದಳು. ಎಡಗಾಲು ಮುಗಿಯುವಾಗ ಕೆಂಚಿ ಸರಕ್ಕನೆ ಕಾಲು ಎಳೆದುಕೊಂಡಿತು. ಅವನು ದೀಪ ಹತ್ತಿರ ತರಿಸಿ ಹೆಬ್ಬೆರಳಿನಿಂದ ಕೂದಲು ಬಿಡಿಸಿ ನೋಡಿದ. ಚರ್ಮ ಕೆಂಪಾಗಿತ್ತು, ಬಿರಿದಿರಲಿಲ್ಲ.

“ಏನೂ ಆಗಿಲ್ಲ. ಕಚಗುಳಿ ಇರ್ಬೇಕು.”

“ನಾಳೆ ಗಾಡಿಗೆ ಕಟ್ಟಬಹುದಾ?”

“ಕಟ್ಟಬಹುದು,” ಎಂದ ಅವನು. ಹೊರಗೆ ಮಳೆ ಮತ್ತೆ ಹಿಡಿದಿತ್ತು. ನಾಳೆಯೂ ಅದೇ ದಾರಿ, ಅದೇ ಕೆಸರು. ಅವಳು ಒದ್ದೆ ರಗ್ಗನ್ನು ಹಿಂಡಿ ಹಗ್ಗಕ್ಕೆ ಹಾಕಿದಳು. ಕೂತು ಕೂತು ಸೊಂಟ ನೊಂದು ನೆಟ್ಟಗೆ ನಿಲ್ಲಲಾಗದೆ ಕೆಂಚಿಯ ಬೆನ್ನು ಹಿಡಿದು ಸ್ವಲ್ಪ ಹೊತ್ತು ಅಲ್ಲೇ ನಿಂತಳು.